ಹನ್ನೆರಡು ಪುಟದ ಫಾರ್ಮಿನಲ್ಲಿ ಒಂಬತ್ತು ವ್ಯಾಲ್ಯೂ

ಮದುವೆಯಾಗಿ ಡೊಂಬಿವಲಿಗೆ ಬಂದ ಮೊದಲ ವಾರದಲ್ಲೇ ನನಗೊಂದು ಅಡ್ಡಹೆಸರು ಬಿತ್ತು. ಇಟ್ಟವರು ಭಾವ, ಅಂದರೆ ನನ್ನ ಗಂಡನ ಅಣ್ಣ. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಚಹಾ ಕುಡಿಯುತ್ತಿದ್ದ ಅವರಿಗೆ ನಾನು ಅಭ್ಯಾಸಬಲದಿಂದ ‘ಎಕ್ಸ್‌ಕ್ಯೂಸ್ ಮಿ’ ಅಂದಿದ್ದೆ. ಅವರು ಲೋಟದ ಸಮೇತ ಎರಡು ಹೆಜ್ಜೆ ಹಿಂದೆ ಸರಿದು, ಅತ್ತೆಯ ಕಡೆ ತಿರುಗಿ, “ಅಮ್ಮ, ಕಾನ್ವೆಂಟಿಗೆ ದಾರಿ ಬಿಡಬೇಕಂತೆ” ಎಂದರು. ಅಲ್ಲಿಂದ ನಾನು ಕಾನ್ವೆಂಟ್. ಕಾನ್ವೆಂಟ್ ಸಾರು ಮಾಡಿತಾ, ಕಾನ್ವೆಂಟಿಗೆ ಶೀತ ಆಗಿದೆಯಂತೆ, ಹೀಗೆ.

ಬೇಸರ ಆಗುತ್ತಿರಲಿಲ್ಲ. ನಿಜವಾಗಿಯೂ ನನ್ನ ಇಂಗ್ಲಿಷಿಗೆ ಆ ಮನೆಯಲ್ಲಿ ಗ್ಯಾಸ್ ಬುಕ್ ಮಾಡುವಷ್ಟೇ ಕೆಲಸವಿತ್ತು. ಮನೆಯೊಳಗೆ ತುಳು, ಮೆಟ್ಟಿಲಲ್ಲಿ ಮರಾಠಿ, ತರಕಾರಿಯವನ ಹತ್ತಿರ ಹಿಂದಿ. “ಇಷ್ಟು ಓದಿ ಎಂತ ಮಾಡಿದ್ದು ನೀನು?” ಎಂದು ಅತ್ತೆ ಕೇಳುತ್ತಿದ್ದುದು ಕುಹಕದಿಂದ ಅಲ್ಲ, ನಿಜವಾದ ಕುತೂಹಲದಿಂದ. ನಾನು ಪಿಯುಸಿಯಲ್ಲಿ ಹೋಮ್ ಸೈನ್ಸ್ ಓದುವಾಗ ಬರೆದ ದಪ್ಪ ನೋಟುಪುಸ್ತಕ ಹಪ್ಪಳದ ಡಬ್ಬಿಯ ಸಡಿಲ ಮುಚ್ಚಳದ ಮೇಲೆ ಭಾರಕ್ಕೆಂದು ಕೂತು ಎಷ್ಟೋ ವರ್ಷವಾಗಿತ್ತು.

ಮನೆ ನಡೆಯುತ್ತಿದ್ದುದು ಠಾಣೆಯ ಮಾಜಿವಾಡಾದಲ್ಲಿ ಮಾವ ಶುರುಮಾಡಿದ್ದ ಸಣ್ಣ ಹೋಟೆಲಿನಿಂದ. ಹದಿನಾಲ್ಕು ಮೇಜು, ಒಂದು ಕೈತೊಳೆಯುವ ಬೇಸಿನ್, ಗೋಡೆಯಲ್ಲಿ ಮಾವನ ಫೋಟೋ. ಗಲ್ಲಾದಲ್ಲಿ ಭಾವ, ಖರೀದಿಗೆ ನನ್ನ ಗಂಡ, ಒಲೆಯ ಮುಂದೆ ಮಾವನ ಕಾಲದಿಂದಲೂ ಇದ್ದ ಭಟ್ಟರು. ಆ ಹೋಟೆಲಿಗೆ ಮಾವನೇ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಪರಿಚಯದವರೋ ದೊಡ್ಡ ಮನುಷ್ಯರೋ ಒಳಗೆ ಬಂದರೆ ಗಲ್ಲಾದಲ್ಲಿ ಕೂತವರು ಬಾಯಿಬಿಟ್ಟು ಏನೂ ಹೇಳಬಾರದು. ಒಂದು ನಾಣ್ಯದಿಂದ ಮೇಜಿನ ಕಲ್ಲಿಗೆ ಎರಡು ಸಲ ಟಕ್ ಟಕ್ ಎಂದು ಹೊಡೆಯಬೇಕು. ಒಳಗೆ ಭಟ್ಟರಿಗೆ ಅಷ್ಟು ಸಾಕು. ಆ ಗಿರಾಕಿಯ ವಡೆ ದೊಡ್ಡದಾಗುತ್ತಿತ್ತು, ಉಪ್ಪಿಟ್ಟಿನ ಮೇಲೆ ತುಪ್ಪ ಬೀಳುತ್ತಿತ್ತು, ಗೋಡಂಬಿ ಎಣಿಕೆಗೆ ಸಿಗುತ್ತಿರಲಿಲ್ಲ. ಮನೆಗೆ ಬಂದವರಿಗೆ ಮಣೆ ಹಾಕಿದ ಹಾಗೆ, ಇದು ನಮ್ಮವರ ಮರ್ಯಾದೆ. ಇದರಲ್ಲಿ ತಪ್ಪೇನಿದೆಯೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ.

ಆಮೇಲೆ ಮುಂದಿನ ರಸ್ತೆ ಅಗಲವಾಯಿತು. ಬಸ್‌ಸ್ಟಾಪು ಆಚೆಗೆ ಹೋಯಿತು, ನಮ್ಮ ಬಾಗಿಲಿನ ಎದುರು ಕಬ್ಬಿಣದ ಬೇಲಿ ಬಂತು. ಒಂದು ಕಾಫಿಗಾಗಿ ಅಷ್ಟು ಸುತ್ತಿ ಬರುವವರು ಯಾರು? ಹೊಸ ಜನರೆಲ್ಲ ಘೋಡಬಂದರ್ ರಸ್ತೆಯ ಮಾಲುಗಳಲ್ಲಿ ಕೂತು ತಿನ್ನತೊಡಗಿದ್ದರು. “ಫ್ರಂಟ್ ಇಲ್ಲದ ಗಾಳಾಕ್ಕೆ ವ್ಯಾಲ್ಯೂ ಇಲ್ಲ ಮಾರಾಯ” ಎಂದು ಭಾವ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅಂಗಡಿಯ ಜಾಗಕ್ಕೆ ಇಲ್ಲಿ ಗಾಳಾ ಅನ್ನುತ್ತಾರೆ. “ಗಾಳಾ ಬಿಡು, ನಮಗೇ ಈಗ ಎಂತ ವ್ಯಾಲ್ಯೂ ಉಂಟು, ಮೊನ್ನೆ ಹಾಲಿನವ ಕೂಡ ನನ್ನ ಮುಖ ನೋಡಲಿಲ್ಲ” ಎಂದು ಅತ್ತೆ ಸೇರಿಸುತ್ತಿದ್ದರು. ಒಂದೇ ಪದವನ್ನು ಮಗ ಜಾಗಕ್ಕೆ ಹೇಳಿದರೆ ತಾಯಿ ಮನುಷ್ಯರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬೀಳುತ್ತಿತ್ತು, ಅಷ್ಟೆ. ದೀಪಾವಳಿಯವರೆಗೆ ನೋಡುವುದು, ಆಮೇಲೆ ಮುಚ್ಚುವುದು ಎಂಬ ಮಾತಾಯಿತು. ಭಟ್ಟರು ಆ ದಿನ ಎಂದಿಗಿಂತ ಜಾಸ್ತಿ ಹೊತ್ತು ಒಲೆ ತಿಕ್ಕಿದರು ಎಂದು ಇವರು ಬಂದು ಹೇಳಿದರು.

ಆಗಲೇ ನೆರೂಳಿನ ಒಂದು ಕಾಲೇಜು ತನ್ನ ಕ್ಯಾಂಟೀನು ನಡೆಸುವವರನ್ನು ಹುಡುಕುತ್ತಿರುವ ಸುದ್ದಿ ಬಂತು. ಇವರು ಫಾರ್ಮ್ ತಂದರು. ಹನ್ನೆರಡು ಪುಟ, ಪೂರ್ತಿ ಇಂಗ್ಲಿಷು. ಭಾವ ಕನ್ನಡಕ ಹಾಕಿ ಎರಡು ಪುಟ ಓದಿ, ಕನ್ನಡಕ ತೆಗೆದು, ಫಾರ್ಮನ್ನು ನನ್ನ ಕಡೆ ತಳ್ಳಿದರು.

“ಕಾನ್ವೆಂಟ್, ಇದು ನಿನ್ನ ಡಿಪಾರ್ಟ್‌ಮೆಂಟು.”

ನಾನು ಕೈ ಒರೆಸಿಕೊಂಡು ಕೂತೆ. ಓದುವಾಗ ಪೆನ್ಸಿಲಿನಿಂದ ಗೆರೆ ಎಳೆಯುವ ಅಭ್ಯಾಸ ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ಕಲಿಸಿದ್ದು. ಮೊದಲ ಸಲ ಓದಿ ಮುಗಿಸಿದಾಗ ಗೆರೆ ಬಿದ್ದದ್ದೆಲ್ಲ ಹೆಚ್ಚುಕಡಿಮೆ ಒಂದೇ ಪದದ ಕೆಳಗೆ. ವ್ಯಾಲ್ಯೂ, ಒಂಬತ್ತು ಕಡೆ. ಪಾತ್ರೆ ಪಡಗಗಳ ಈಗಿನ ವ್ಯಾಲ್ಯೂ ಎಷ್ಟು, ಎಷ್ಟು ವ್ಯಾಲ್ಯೂದ ಸ್ಟ್ಯಾಂಪ್ ಪೇಪರು, ವಿದ್ಯಾರ್ಥಿಗೆ ಹೇಗೆ ವ್ಯಾಲ್ಯೂ ಫಾರ್ ಮನಿ ಕೊಡುತ್ತೀರಿ, ನಿಮ್ಮ ಸಂಸ್ಥೆಯ ವ್ಯಾಲ್ಯೂಸ್ ಯಾವುವು. ಕೊನೆಯಲ್ಲಿ ಒಂದಿಡೀ ಪುಟದ ಕೋಷ್ಟಕ: ಪ್ರತಿ ತಿಂಡಿಯ ತೂಕ ಮತ್ತು ಅದರ ನ್ಯೂಟ್ರಿಟಿವ್ ವ್ಯಾಲ್ಯೂ.

ಪಕ್ಕದಲ್ಲಿ ಹೋಮ್‌ವರ್ಕು ಮಾಡುತ್ತಿದ್ದ ಮಗಳು ಇಣುಕಿದಳು. ಎರಡನೇ ಕ್ಲಾಸು. “ಮಮ್ಮೀ, ಯೇ ತೋ ಹಮಾರಾ ಭೀ ಹೈ, ಪ್ಲೇಸ್ ವ್ಯಾಲ್ಯೂ” ಎಂದಳು. ಇದು ನಮ್ಮ ಪಾಠದಲ್ಲೂ ಇದೆ ಎಂದು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರ ಅವಳದು. ಅವಳ ಪುಸ್ತಕದಲ್ಲಿ ಏಳು ಎಂಬ ಅಂಕಿ ಒಂದು ಮನೆ ಎಡಕ್ಕೆ ಸರಿದು ಎಪ್ಪತ್ತಾಗಿ ಕೂತಿತ್ತು. ಅಂಕಿ ಅದೇ ಏಳು. ನಾನು ಸ್ವಲ್ಪ ಹೊತ್ತು ಅದನ್ನೇ ನೋಡಿದೆ.

ಸಂಸ್ಥೆಯ ವ್ಯಾಲ್ಯೂಸ್ ಎಂಬಲ್ಲಿ ಏನು ಬರೆಯುವುದು? “ಗಣಪತಿ ಫೋಟೋ ಉಂಟು, ಬೆಳಿಗ್ಗೆ ಊದುಬತ್ತಿ ಹಚ್ಚುತ್ತೇವೆ ಅಂತ ಬರಿ” ಎಂದರು ಭಾವ. ನನಗೆ ಶುಕ್ರವಾರದ ಕೊನೆಯ ಪೀರಿಯಡ್ಡು, ಮಾರಲ್ ಸೈನ್ಸು ನೆನಪಾಯಿತು. ಸಿಸ್ಟರ್ ಬೋರ್ಡಿನ ಮೇಲೆ ಇದೇ ಪದ ಬರೆದು, ಕೆಳಗೆ ಎರಡು ಗೆರೆ ಎಳೆದು, “ಬರೆಯುವುದು ಸುಲಭ ಮಕ್ಕಳೇ, ಅಳಿಸಿದ ಮೇಲೆ ಎಷ್ಟು ಉಳಿಯುತ್ತದೆ ನೋಡಿ” ಎನ್ನುತ್ತಿದ್ದರು. ಆಗ ಅರ್ಥವಾಗಿರಲಿಲ್ಲ. ನಾನು ಒಂದೇ ಸಾಲು ಬರೆದೆ: ನಮ್ಮಲ್ಲಿ ಎಲ್ಲರಿಗೂ ಒಂದೇ ತಟ್ಟೆ. ಬರೆದ ಮೇಲೆ ಪೆನ್ನು ನಿಂತಿತು.

“ಭಾವ, ಆ ಟಕ್ ಟಕ್?”

ಅವರು ಮನೆಯ ಗೋಡೆಯಲ್ಲೂ ಇದ್ದ ಮಾವನ ಇನ್ನೊಂದು ಫೋಟೋದ ಕಡೆ ನೋಡಿದರು. “ಗಿರಾಕಿಯೇ ಇಲ್ಲ, ಇನ್ನು ಟಕ್ ಟಕ್ ಯಾರಿಗೆ? ಬಂದ್. ಬರಿ ನೀನು.”

ನಿಜವಾದ ಜಗಳ ಆದದ್ದು ಕೊನೆಯ ಪುಟಕ್ಕೆ. “ಇಡ್ಲಿಗೆ ಎಂತ ನ್ಯೂಟ್ರಿಟಿವ್? ಇಡ್ಲಿ ಅಂದರೆ ಇಡ್ಲಿ” ಎಂದು ಹೇಳಿ ಭಾವ ಸೈಬರ್ ಕೆಫೆಗೆ ಹೋಗಿ ಯಾವುದೋ ದೊಡ್ಡ ಹೋಟೆಲಿನ ಪಟ್ಟಿ ಪ್ರಿಂಟು ಹಾಕಿಸಿ ತಂದರು. ಅದರಲ್ಲಿದ್ದ ವಡೆ ನಮ್ಮ ವಡೆಯಲ್ಲ. ನಾನು ಹಪ್ಪಳದ ಡಬ್ಬಿಯ ಮೇಲಿನ ನೋಟುಪುಸ್ತಕ ಕೆಳಗಿಳಿಸಿದೆ. ಎಣ್ಣೆಯ ಉಂಗುರ ಬಿದ್ದಿತ್ತು, ಒಳಗಿನ ಫುಡ್ ವ್ಯಾಲ್ಯೂ ಕೋಷ್ಟಕಗಳು ಹಾಗೇ ಇದ್ದವು, ಉದ್ದಿಗೆ ಎಷ್ಟು, ಅಕ್ಕಿಗೆ ಎಷ್ಟು, ಎಣ್ಣೆಗೆ ಎಷ್ಟು. ಇನ್ನು ಬೇಕಾದದ್ದು ನಮ್ಮ ತಿಂಡಿಯ ತೂಕ.

ಮಾರನೆಯ ದಿನ ಮಧ್ಯಾಹ್ನ ತಕ್ಕಡಿ ಹಿಡಿದು ಮಾಜಿವಾಡಾಕ್ಕೆ ಹೋದೆ. ಭಟ್ಟರಿಗೆ ಅವಮಾನವಾಯಿತು.

“ಅಲ್ಲ ಅಮ್ಮ, ಇಷ್ಟು ವರ್ಷ ಆಯ್ತು, ಯಜಮಾನ್ರು ಕೂಡ ನನ್ನ ಕೈಗೆ ತಕ್ಕಡಿ ಹಿಡಿಯಲಿಲ್ಲ.”

“ನಿಮ್ಮ ಕೈಗಲ್ಲ ಭಟ್ರೇ, ವಡೆಗೆ.”

“ಎರಡೂ ಒಂದೇ.”

ಅವರು ಮುಖ ತಿರುಗಿಸಿಕೊಂಡೇ ಹತ್ತು ವಡೆ ಕರಿದರು. ಹಿಟ್ಟನ್ನು ಅಳೆಯಲಿಲ್ಲ, ನೋಡಲೂ ಇಲ್ಲ. ಎಡಗೈ ನೀರಿಗೆ, ಬಲಗೈ ಹಿಟ್ಟಿಗೆ, ಹೆಬ್ಬೆರಳು ನಡುವೆ. ನಾನು ಒಂದೊಂದಾಗಿ ತೂಗಿದೆ. ಐದನೆಯದನ್ನು ತೂಗುವಾಗ ತಕ್ಕಡಿ ಕೆಟ್ಟಿದೆಯೇನೋ ಎಂದು ಅನುಮಾನ ಬಂತು. ಮುಳ್ಳು ಪ್ರತಿಸಲ ಅದೇ ಗೆರೆಗೆ ಬಂದು ನಿಲ್ಲುತ್ತಿತ್ತು. ಬರಿಯ ಸೌಟು ಇಟ್ಟು ನೋಡಿದೆ, ಮುಳ್ಳು ಬೇರೆ ಕಡೆ ಹೋಯಿತು. ತಕ್ಕಡಿ ಸರಿಯಾಗಿಯೇ ಇತ್ತು. ಸಾಂಬಾರಿನ ಸೌಟು, ಉಪ್ಪಿಟ್ಟಿನ ಬಟ್ಟಲು, ಚಟ್ನಿ, ಎಲ್ಲದಕ್ಕೂ ಹಾಗೇ. ಅವರು ಓರೆಗಣ್ಣಿನಲ್ಲಿ ನನ್ನ ಮುಖ ನೋಡುತ್ತಿದ್ದರು.

“ಎಂತ, ಜಾಸ್ತಿಯಾ ಕಡಿಮೆಯಾ?”

“ಒಂದೇ ಇದೆ ಭಟ್ರೇ. ಹತ್ತೂ ಒಂದೇ.”

“ಮತ್ತೆ?” ಎಂದರು, ಏನೋ ಗೊತ್ತೇ ಇದ್ದ ಸಂಗತಿಯ ಹಾಗೆ. ಆಮೇಲೆ ನನಗೊಂದು ಕಾಫಿ ಬಂತು, ಹೇಳದೆಯೇ.

ವಡೆ ಕುಡಿದ ಎಣ್ಣೆಯನ್ನೂ ಲೆಕ್ಕ ಹಾಕಿ ಬರೆದೆ. ಅದಕ್ಕೆ ಭಾವ ರೇಗಿದರು. “ನಮ್ಮ ವಡೆಯಲ್ಲಿ ಇಷ್ಟು ಎಣ್ಣೆ ಉಂಟು ಅಂತ ಯಾವ ಹೋಟೆಲಿನವನಾದರೂ ತಾನಾಗಿ ಬರೆದು ಕೊಡ್ತಾನಾ? ಸ್ವಲ್ಪ ಕಡಿಮೆ ಬರಿ.”

“ಕಡಿಮೆ ಬರೆಯುವುದಾದರೆ ಕಡಿಮೆ ಕುಡಿಯಲು ವಡೆಗೆ ಹೇಳಿ” ಎಂದರು ನನ್ನ ಗಂಡ. ಅವರು ನನ್ನ ಪರವಾಗಿ ಅಣ್ಣನ ಎದುರು ಆಡಿದ ಮೊದಲ ಮಾತು ಅದು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಫಾರ್ಮು ಹಾಗೇ ಹೋಯಿತು.

ಕೆಲವು ದಿನಗಳ ಮೇಲೆ ಕರೆ ಬಂತು. ಮೂರು ಜನರನ್ನು ಆರಿಸಿದ್ದಾರೆ. ಪ್ರತಿಯೊಬ್ಬರೂ ಒಂದು ದಿನ ಕಾಲೇಜಿನ ಅಡುಗೆಮನೆಯಲ್ಲೇ ತಿಂಡಿ ಮಾಡಿ ತೋರಿಸಬೇಕು, ಫಾರ್ಮಿನಲ್ಲಿ ಬರೆದದ್ದೂ ತಟ್ಟೆಯಲ್ಲಿ ಇರುವುದೂ ಹೊಂದುತ್ತದೆಯೇ ನೋಡುತ್ತಾರೆ. “ನೀನೂ ಬಾ, ಇಂಗ್ಲಿಷಿನಲ್ಲಿ ಕೇಳಿದರೆ ನಾವೆಲ್ಲ ಭಟ್ಟರ ಮುಖ ನೋಡಬೇಕು” ಎಂದರು ಭಾವ. ಠಾಣೆಯಲ್ಲಿ ಗಾಡಿ ಬದಲಿಸಿ ನಾನೂ ಇವರೂ ನೆರೂಳಿನಲ್ಲಿ ಇಳಿದಾಗ ಭಾವ ಟೆಂಪೋದಲ್ಲಿ ಪಾತ್ರೆ, ಹಿಟ್ಟು, ಭಟ್ಟರ ಸಮೇತ ಆಗಲೇ ತಲುಪಿದ್ದರು. ನಾನು ನೀಲಿ ಅಂಚಿನ ಕಾಟನ್ ಸೀರೆ ಉಟ್ಟಿದ್ದೆ. ಪಿನ್ನು ಎರಡು ಸಲ ಬಿಚ್ಚಿ ಹಾಕಿದ್ದು ನೆನಪಿದೆ.

ಕ್ಯಾಂಟೀನಿನ ಬೀಗ ತೆಗೆದುಕೊಟ್ಟವಳು ಅಲ್ಲಿ ಗುಡಿಸುವ ಬಾಯಿ; ಕೆಲಸದ ಹೆಂಗಸಿಗೆ ಇಲ್ಲಿ ಬಾಯಿ ಅನ್ನುತ್ತಾರೆ. ಎಣ್ಣೆ ಕಾದು ಮೊದಲ ಬಾಣಲೆ ವಡೆ ಮೇಲೆ ಬಂದೊಡನೆ ಭಟ್ಟರು ಅವಳಿಗೆ ಇಡ್ಲಿ, ಉಪ್ಪಿಟ್ಟಿನ ಬಟ್ಟಲು, ಚಟ್ನಿ ಸಮೇತ ಒಂದು ತಟ್ಟೆ ಹಾಕಿಕೊಟ್ಟರು. ಒಲೆ ಹಚ್ಚಲು ಜಾಗ ಗುಡಿಸಿಕೊಟ್ಟವರಿಗೆ ಮೊದಲ ತಟ್ಟೆ ಎಂಬುದು ಅವರದೇ ಲೆಕ್ಕ. ಅವಳು ತಿನ್ನಲಿಲ್ಲ. ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ, ಹಳೆಯ ಪೇಪರಿನಲ್ಲಿ ಸುತ್ತಿ, ಮನೆಗೊಯ್ಯಲು ಕಿಟಕಿಯ ಕಟ್ಟೆಯಲ್ಲಿ ಇಟ್ಟುಕೊಂಡಳು.

ಹೊತ್ತಿಗೆ ಸರಿಯಾಗಿ ಆಯ್ಕೆ ಕಮಿಟಿಯವರು ನಾಲ್ವರು ಬಂದರು. ಮುಂದೆ ಇದ್ದವರು ಕಾಲೇಜಿನ ಹಿರಿಯ ಮೇಡಂ, ನೆರೆತ ಕೂದಲು, ದಪ್ಪ ಕನ್ನಡಕ. ಅವರ ಹಿಂದೆ ಪ್ಯೂನು ಹಿಡಿದುಕೊಂಡು ಬಂದದ್ದು ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ಅದನ್ನು ನೋಡಿದ್ದೇ ನನಗೆ ಎದೆ ಹಗುರಾಯಿತು. ಬರಲಿ, ತೂಗಲಿ.

ಭಾವ ಎದ್ದು ನಿಂತು ನಮಸ್ಕಾರ ಮಾಡಿದರು. ನಮಸ್ಕಾರ ಮುಗಿಸಿ ಕೆಳಗೆ ಬಂದ ಕೈಯಲ್ಲಿ ಟೆಂಪೋದ ಕೀಲಿ ಇತ್ತು. ಕೀಲಿ ಮೇಜಿಗೆ ತಾಗಿತು.

ಟಕ್ ಟಕ್.

ನಾನು ಅವರ ಮುಖ ನೋಡಿದೆ. ಅವರಿಗೆ ಗೊತ್ತೇ ಆಗಿರಲಿಲ್ಲ; ನಗುತ್ತಾ ಮೇಡಮ್ಮಿಗೆ ಕುರ್ಚಿ ಎಳೆಯುತ್ತಿದ್ದರು. ಒಳಗೆ ಭಟ್ಟರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಸ್ವಲ್ಪ ನೆಟ್ಟಗಾಯಿತು. ನಾನು ಎದ್ದು ಒಳಗೆ ಹೋಗುವಷ್ಟರಲ್ಲಿ ಕಮಿಟಿಯ ಇನ್ನೊಬ್ಬರು ಹೆಸರು, ವಿಳಾಸ ಎಂದು ನನ್ನನ್ನು ಹಿಡಿದು ಕೂರಿಸಿದರು. ಎದುರಿಗೇ ತಟ್ಟೆ ಹಾದುಹೋಯಿತು. ವಡೆಯ ನಡುವಿನ ತೂತು ಸಣ್ಣದಾಗಿತ್ತು. ವಡೆ ದೊಡ್ಡದಾದರೆ ತೂತು ಸಣ್ಣದಾಗುತ್ತದೆ. ಉಪ್ಪಿಟ್ಟಿನ ಮೇಲೆ ತುಪ್ಪ ಹೊಳೆಯುತ್ತಿತ್ತು.

ಮೇಡಂ ವಡೆಯನ್ನು ತಕ್ಕಡಿಯ ಮೇಲಿಟ್ಟರು, ಫಾರ್ಮ್ ನೋಡಿದರು, ಮತ್ತೆ ತಕ್ಕಡಿ ನೋಡಿದರು. ಉಪ್ಪಿಟ್ಟಿನ ಬಟ್ಟಲೂ ಹಾಗೇ. “ಯೇ ಕ್ಯಾ ಹೈ? ಪೇಪರ್ ಪೇ ಕುಛ್, ಪ್ಲೇಟ್ ಮೇ ಕುಛ್.” ಬರೆದದ್ದೊಂದು, ಬಡಿಸಿದ್ದೊಂದು.

ಭಾವನಿಗೆ ಅರ್ಥವಾಗಲಿಲ್ಲ. ಜಾಸ್ತಿಯೇ ಕೊಟ್ಟದ್ದಲ್ಲವೇ, ಕಡಿಮೆ ಅಲ್ಲವಲ್ಲ ಎಂದರು. “ಮೇಡಂ, ಜ್ಯಾದಾ ಹೀ ತೋ ದಿಯಾ ಹೈ. ಕಮ್ ಥೋಡೀ ದಿಯಾ.”

“ಆಜ್ ದಿಯಾ” ಎಂದರು ಮೇಡಂ. “ಕಲ್?” ಇವತ್ತು ಕೊಟ್ಟಿರಿ, ನಾಳೆ?

ಭಾವನ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು. ಮೇಡಂ ಫಾರ್ಮಿನ ಪುಟ ತಿರುವಿ, ನಾನು ಬರೆದ ಸಾಲನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು: ನಮ್ಮಲ್ಲಿ ಎಲ್ಲರಿಗೂ ಒಂದೇ ತಟ್ಟೆ. “ಇದನ್ನು ಬರೆದವರು ಯಾರು?”

ದೀಪಾವಳಿಗೆ ಇನ್ನೆಷ್ಟು ದಿನ ಎಂಬ ಯೋಚನೆ ಆ ಗಳಿಗೆಯಲ್ಲಿ ಯಾಕೆ ಬಂತೋ. ಹದಿನಾಲ್ಕು ಮೇಜು, ಭಟ್ಟರು ತಿಕ್ಕುತ್ತಿದ್ದ ಒಲೆ, ಹಾಲಿನವ ಮುಖ ನೋಡದ ಅತ್ತೆ. ನಾನು ಎದ್ದು ನಿಂತೆ. ಕ್ಲಾಸಿನಲ್ಲಿ ಉತ್ತರ ಹೇಳುವಾಗ ನಿಲ್ಲುತ್ತಿದ್ದ ಹಾಗೆ, ಕೈ ಹಿಂದಕ್ಕೆ ಕಟ್ಟಿ.

ಇಂಗ್ಲಿಷಿನಲ್ಲಿ ಹೇಳಿದೆ. ನಾನೇ ಬರೆದದ್ದು. ನಮ್ಮ ಹೋಟೆಲಿನಲ್ಲಿ ದೊಡ್ಡವರು ಬಂದರೆ ಹೀಗೆ ಎರಡು ಸಲ ಬಡಿಯುವ ರೂಢಿ ಇದೆ, ಇವತ್ತು ಕೈ ತಾನಾಗಿ ಬಡಿಯಿತು, ನಿಮ್ಮ ಮೇಲಿನ ಗೌರವಕ್ಕೆ. ಈ ತಟ್ಟೆ ಗೌರವದ್ದು. ಫಾರ್ಮಿನಲ್ಲಿ ಬರೆದದ್ದು ದಿನದ ತಟ್ಟೆ. ನೀವು ಕೇಳಿದ್ದು ದಿನದ್ದನ್ನು, ಆದ್ದರಿಂದ ತಪ್ಪು ನಮ್ಮದೇ. ಬೇಕಿದ್ದರೆ ಇನ್ನೊಮ್ಮೆ ಮಾಡಿಕೊಡುತ್ತೇವೆ.

“ಈಗ ಇನ್ನೊಮ್ಮೆ ಮಾಡಿದರೆ ನನ್ನ ತಕ್ಕಡಿಗೆ ಸರಿಯಾಗಿ ಮಾಡುತ್ತೀರಿ” ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. “ದಿನದ ತಟ್ಟೆ ಎಲ್ಲಿ ನೋಡಲಿ ನಾನು?”

ಅವರು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರೇ ಇತ್ತು, ಕಿಟಕಿಯ ಕಟ್ಟೆಯಲ್ಲಿ, ಪೇಪರಿನಲ್ಲಿ ಸುತ್ತಿಕೊಂಡು. “ಅಲ್ಲಿದೆ” ಎಂದೆ. “ನೀವು ಬರುವ ಮೊದಲೇ ಬಡಿಸಿದ್ದು.”

ಬಾಯಿ ಗಾಬರಿಯಿಂದ ಗಂಟು ತಂದುಕೊಟ್ಟಳು. “ಮಾಝೀ ಪ್ಲೇಟ್ ಪರತ್ ಮಿಳೇಲ್ ನಾ?” ಎಂದು ಎರಡು ಸಲ ಕೇಳಿದಳು, ತಟ್ಟೆ ವಾಪಸು ಸಿಗುತ್ತದೆ ತಾನೇ ಎಂಬುದೊಂದೇ ಅವಳ ಚಿಂತೆ. ಮೇಡಂ ಸಿಗುತ್ತದೆ ಎಂದು ತಲೆಯಾಡಿಸಿ, ಪೇಪರು ಬಿಚ್ಚಿ, ಅವಳ ವಡೆಯನ್ನು ತಕ್ಕಡಿಗಿಟ್ಟರು. ಅಂಕಿಗಳು ಓಡಿ ನಿಂತವು. ನಾನು ನೋಡಲಿಲ್ಲ, ಮೇಡಮ್ಮಿನ ಬೆರಳು ನೋಡುತ್ತಿದ್ದೆ. ಬೆರಳು ಫಾರ್ಮಿನ ಕೋಷ್ಟಕದ ಮೇಲೆ ಇಳಿದು, ವಡೆಯ ಸಾಲಿನಲ್ಲಿ ನಿಂತು, ಒಂದು ಸರಿ ಗುರುತು ಹಾಕಿತು. ಉಪ್ಪಿಟ್ಟಿನ ಬಟ್ಟಲು, ಸರಿ. ಇಡ್ಲಿ, ಸರಿ. ಚಟ್ನಿಯನ್ನು ತೂಗುವಾಗ ಕಮಿಟಿಯ ಉಳಿದವರೂ ಕುರ್ಚಿ ಹತ್ತಿರ ಎಳೆದುಕೊಂಡಿದ್ದರು. ಅದೂ ಸರಿ.

“ಅಳತೆ ಯಾವುದರಿಂದ ಮಾಡುತ್ತಾರೆ ನಿಮ್ಮ ಮಹಾರಾಜ್?” ಎಂದು ಕೇಳಿದರು ಮೇಡಂ. ಇಲ್ಲಿ ಅಡುಗೆಯವರನ್ನು ಹಾಗೇ ಕರೆಯುವುದು.

“ಕೈಯಿಂದ.”

ಅವರು ಎದ್ದು ಒಳಗೇ ಹೋದರು. ಭಟ್ಟರು ಸೌಟು ಹಿಡಿದು ಶಿಕ್ಷೆಗೆ ನಿಂತವರ ಹಾಗೆ ನಿಂತಿದ್ದರು. ಮೇಡಂ ಇನ್ನೂ ಮೂರು ತಟ್ಟೆ ಅಲ್ಲೇ ಬಡಿಸಿಸಿ, ನಿಂತುಕೊಂಡೇ ತೂಗಿದರು. ಮೂರನೆಯದು ಮುಗಿದ ಮೇಲೆ ತಕ್ಕಡಿಯನ್ನು ಬಂದ್ ಮಾಡಿ, ಆ ತಟ್ಟೆಯ ವಡೆ ಮುರಿದು, ಚಟ್ನಿಗೆ ಅದ್ದಿ ತಿಂದರು. ಗೌರವದ ತಟ್ಟೆ ಮೇಜಿನ ಮೇಲೆ ತಣ್ಣಗಾಗುತ್ತಿತ್ತು. ಹೋಗುವಾಗ ಅದನ್ನು ಬಾಯಿಯ ಕೈಗೆ ಕೊಟ್ಟರು. ಅವಳು ಆ ದಿನ ಎರಡು ತಟ್ಟೆ ಒಯ್ದಳು.

ಬಾಗಿಲಲ್ಲಿ ಮೇಡಂ ನನ್ನ ಹತ್ತಿರ ನಿಂತು, “ವಡೆಯ ಎಣ್ಣೆಯನ್ನು ಪೂರ್ತಿ ಬರೆದವರು ನೀವೊಬ್ಬರೇ” ಎಂದರು. ಭಾವ ಅದನ್ನು ಕೇಳಿಸಿಕೊಂಡರು. ಕೀಲಿಯನ್ನು ಆಗಲೇ ಜೇಬಿಗೆ ಹಾಕಿಬಿಟ್ಟಿದ್ದರು.

ನಾಲ್ಕನೆಯ ದಿನ ಫೋನು ಬಂತು. ಇವರು ಎತ್ತಿ, ಎರಡು ಸಲ ಯೆಸ್ ಯೆಸ್ ಅಂದು, ರಿಸೀವರನ್ನು ನನಗೆ ಕೊಟ್ಟರು. ಕುಕ್ಕರಿನ ಮೂರನೆಯ ಸೀಟಿ ಆಗುತ್ತಿದ್ದುದರಿಂದ ಒಂದು ಕಿವಿ ಮುಚ್ಚಿಕೊಂಡು ಕೇಳಿದೆ. ಕ್ಯಾಂಟೀನು ನಮ್ಮದು. ಮುಂದಿನ ತಿಂಗಳಿನಿಂದ. ನಾನು ಥ್ಯಾಂಕ್ಯೂ ಹೇಳಿ, ಫೋನಿಟ್ಟು, ಮೊದಲು ಗ್ಯಾಸು ಆರಿಸಿದೆ. ಹಿಂದಿನಿಂದ ಅತ್ತೆ, “ಎಂತಂತೆ? ಕನ್ನಡದಲ್ಲಿ ಹೇಳು” ಎಂದರು. ಹೇಳಿದೆ. ಅವರು ದೇವರ ಕೋಣೆಗೆ ಹೋದವರು ವಾಪಸು ಬರುವಾಗ ನನ್ನ ನೋಟುಪುಸ್ತಕ ಹಿಡಿದುಕೊಂಡಿದ್ದರು. ಫಾರ್ಮು ಕಳಿಸಿದ ದಿನವೇ ಅದನ್ನು ಅಲ್ಲಿ, ಕುಂಕುಮದ ಭರಣಿಯ ಪಕ್ಕ ಇಟ್ಟಿದ್ದರಂತೆ. ಹಪ್ಪಳದ ಡಬ್ಬಿಯ ಮೇಲೆ ಈಗ ಒಂದು ಇಟ್ಟಿಗೆ ಇತ್ತು, ನಾನು ಗಮನಿಸಿಯೇ ಇರಲಿಲ್ಲ. ಇಷ್ಟೆಲ್ಲ ಸಣ್ಣದು ಕಾಣುವ ನನ್ನ ಕಣ್ಣಿಗೆ ಅದು ತಪ್ಪಿತ್ತು.

ಮಾಜಿವಾಡಾದ ಮೇಜುಗಳು ನೆರೂಳಿಗೆ ಬಂದವು, ಮಾವನ ಫೋಟೋ ಬಂತು, ಕೆಲಸದವರು ಒಬ್ಬರೂ ಬಿಡದೆ ಬಂದರು. ಗಲ್ಲಾದ ಕಲ್ಲಿನ ಮೇಲೆ ಭಾವ ತಾವೇ ಒಂದು ರಬ್ಬರ್ ಶೀಟು ಅಂಟಿಸಿದರು. ಬಡಿದರೂ ಸದ್ದಾಗಬಾರದು ನೋಡು ಎಂದು ನನಗೆ ಬಡಿದೇ ತೋರಿಸಿದರು. ಅಡ್ಡಹೆಸರು ಹೋಗಲಿಲ್ಲ, ಆದರೆ ಸಪ್ಲೈಯರುಗಳ ಹತ್ತಿರ ಮಾತಾಡುವಾಗ ಅದರ ಅರ್ಥ ಬದಲಾಗಿತ್ತು. “ರೇಟ್ ಗೀಟ್ ಎಲ್ಲ ಕಾನ್ವೆಂಟ್ ಹತ್ತಿರ ಕೇಳು. ಅವಳು ಹೂಂ ಅಂದರೆ ಹೂಂ.”

ಪದ ಅದೇ. ಮಗಳ ಪುಸ್ತಕದ ಏಳಿನ ಹಾಗೆ ಒಂದು ಮನೆ ಎಡಕ್ಕೆ ಸರಿದು ಕೂತಿತ್ತು.

ತೆರೆಯುವ ದಿನ ಬೆಳಿಗ್ಗೆ ನಾನು ಸ್ಟೂಲಿನ ಮೇಲೆ ನಿಂತು, ಕೌಂಟರಿನ ಮೇಲಿನ ಕರಿಯ ಹಲಗೆಯಲ್ಲಿ ಸೀಮೆಸುಣ್ಣದಿಂದ ಪಟ್ಟಿ ಬರೆದೆ, ಸಿಸ್ಟರ್ ಕಲಿಸಿದ ಓರೆ ಅಕ್ಷರಗಳಲ್ಲಿ: ತಿಂಡಿ, ಅದರ ತೂಕ, ಅದರ ಫುಡ್ ವ್ಯಾಲ್ಯೂ. ಭಟ್ಟರು ಕೈ ಒರೆಸುತ್ತಾ ಒಳಗಿನಿಂದ ಬಂದು ಕೆಳಗೆ ನಿಂತರು. ಇಂಗ್ಲಿಷು ಅವರಿಗೆ ಬರುವುದಿಲ್ಲ.

“ವಡೆ ಯಾವುದು?”

ತೋರಿಸಿದೆ.

“ಪಕ್ಕದ್ದು?”

“ನಿಮ್ಮ ಕೈ ಭಟ್ರೇ. ಗ್ರಾಮಿನಲ್ಲಿ.”

ಅವರು ತಲೆ ಹಿಂದಕ್ಕೆ ಎತ್ತಿ, ಆ ಅಂಕಿಯನ್ನು ತುಂಬಾ ಹೊತ್ತು ನೋಡಿದರು. ಹೊರಗೆ ಮೊದಲ ಗುಂಪು ಹುಡುಗಿಯರು ಚಪ್ಪಲಿ ಸದ್ದು ಮಾಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. “ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೀರಿ ಅಮ್ಮ” ಎಂದರು ಭಟ್ಟರು, ಒಲೆಯ ಕಡೆ ತಿರುಗುತ್ತಾ. “ಹಿಂದಿನ ಬೆಂಚಿನವರಿಗೂ ಕಾಣಬೇಕು.”

ನಾನು ಆ ಸಾಲನ್ನು ಅಳಿಸಿ, ದೊಡ್ಡದಾಗಿ ಬರೆದೆ.